ನೇರಳೆ ಬೇರು, ಚೊಗರು ನೀರು, ಮತ್ತೆ ಸತ್ತುಹೋದ ಮೂರು ಮೀನು

ಡಿಸೆಂಬರ್ ಎರಡನೇ ವಾರ ಅನ್ಸುತ್ತೆ, ವಿಡಿಯೋ ಕಾಲಲ್ಲಿ ಅಮ್ಮಂಗೆ ಫಿಶ್ ಟ್ಯಾಂಕ್ ತೋರಿಸ್ತಿದ್ದೆ, ಊರಿಂದ ತಂದ ಬೇರು ಒಳಗೆ ಎಷ್ಟು ಚೆನ್ನಾಗಿ ಕೂತಿದೆ ನೋಡು ಅಂತ. ಅಮ್ಮ ಫೋನ್ ಹತ್ರ ಹಿಡ್ಕೊಂಡು ಸ್ವಲ್ಪ ಹೊತ್ತು ನೋಡಿ, "ಎಂತದು ಮಾರಾಯ ಅದು, ಮೀನಿಗೆ ಚೊಗರು ಕುಡಿಸ್ತಿದ್ಯನಾ?" ಅಂದ್ಲು.

ಅಡಿಕೆ ಸೀಮೆಯವ್ರಿಗೆ ಚೊಗರು ಅಂದ್ರೆ ವಿವರಿಸೋದೇ ಬೇಡ. ಉಳಿದವ್ರಿಗೆ ಹೇಳ್ಬೇಕು ಅಂದ್ರೆ, ಸುಲಿದ ಹಸಿ ಅಡಿಕೆನ ಹಂಡೆಲಿ ಬೇಯಿಸ್ತೀವಲ್ಲ, ಆಗ ಇಳಿಯೋ ಕೆಂಪು ಕಂದು ಬಣ್ಣದ ಒಗರು ನೀರು. ಕೈಗೆ ಹತ್ತಿದ್ರೆ ವಾರಗಟ್ಲೆ ಹೋಗಲ್ಲ, ಬಟ್ಟೆಗೆ ಹತ್ತಿದ್ರೆ ಆ ಬಟ್ಟೆ ಮತ್ತೆ ಕೊಟ್ಟಿಗೆ ಕೆಲಸಕ್ಕೇ. ಹೆಗ್ಗೋಡಿನ ಚರಕ ಕೈಮಗ್ಗ ಸಂಘದವರು ಬಟ್ಟೆಗೆ ಬಣ್ಣ ಹಾಕೋಕೂ ಬಳಸ್ತಾರೆ ಇದನ್ನ. ಅಮ್ಮ ತಮಾಷೆಗೆ ಅಂದಿದ್ದು, ಆದ್ರೆ ಅಪ್ಪಟ ಸತ್ಯ ಹೇಳಿದ್ಲು. ಅಡಿಕೆಯಿಂದ ಇಳಿಯೋದೂ ಟ್ಯಾನಿನ್ನೇ (ಒಗರು, ಕಂದು ಬಣ್ಣ ಕೊಡೋ ಅಂಶ), ನನ್ನ ಬೇರಿಂದ ಇಳೀತಿದ್ದಿದ್ದೂ ಟ್ಯಾನಿನ್ನೇ, ನಾವು ಬೆಳಿಗ್ಗೆ ಕುಡಿಯೋ ಚಾಗೆ ಬಣ್ಣ ಕೊಡೋದೂ ಅದೇ ಪೈಕಿ.

ಮೊದ್ಲು ಟ್ಯಾಂಕಿನ ವಿಷ್ಯ. ನಂದು 3 ಅಡಿ ಉದ್ದದ್ದು, 15 ಇಂಚು ಅಗಲ, 18 ಇಂಚು ಎತ್ತರ, ಲೆಕ್ಕ ಹಾಕಿದ್ರೆ 159 ಲೀಟರ್ ಬರುತ್ತೆ ಆದ್ರೆ ಮರಳು, ಕಲ್ಲು, ಮೇಲೆ ಬಿಟ್ಟಿರೋ ಜಾಗ ಎಲ್ಲಾ ಕಳೆದ್ರೆ ನಿಜವಾಗ್ಲೂ ಇರೋ ನೀರು ಹೆಚ್ಚುಕಮ್ಮಿ 130. (ಈ ಕಳೆಯೋ ಲೆಕ್ಕ ಮರೀಬೇಡಿ, ಔಷಧಿ ಡೋಸ್ ಹಾಕುವಾಗ 159ಕ್ಕೆ ಹಾಕ್ಬಿಟ್ರೆ ಜಾಸ್ತಿ ಆಗುತ್ತೆ.) ಕೆಂಪು ನೀಲಿ ಪಟ್ಟೆಯ ಪುಟ್ಟ ಮೀನು ಕಾರ್ಡಿನಲ್ ಟೆಟ್ರಾ 12, ತಳದಲ್ಲಿ ಓಡಾಡೋ ಕೋರಿ 6, ಪಾಚಿ ಮೇಯೋ ಬ್ರಿಸಲ್‌ನೋಸ್ ಪ್ಲೆಕೊ ಒಂದು, ಮತ್ತೆ ಗಿಡದ ಜೊತೆ ಕರೀದೆ ಬಂದ ಬಸವನಹುಳುಗಳು, ಅವುಗಳ ಲೆಕ್ಕ ನಾನು ಇಟ್ಟಿಲ್ಲ. ಎರಡು ವರ್ಷದಿಂದ ಏನೂ ತಕರಾರಿಲ್ದೆ ನಡೀತಿದ್ದ ಟ್ಯಾಂಕು.

ದೀಪಾವಳಿಗೆ ತೀರ್ಥಹಳ್ಳಿ ಹತ್ರ ನಮ್ಮೂರಿಗೆ ಹೋದಾಗ ತೋಟದ ಕೆಳಗಿನ ಹಳ್ಳದಲ್ಲಿ ಈ ಬೇರು ಸಿಕ್ತು. ಏಳೆಂಟು ವರ್ಷದ ಹಿಂದೆ ಮಳೆಗಾಲದಲ್ಲಿ ಬಿದ್ದ ನೇರಳೆ ಮರದ್ದು, ಕಾಂಡ ಎಲ್ಲಾ ಆವಾಗ್ಲೇ ಕೊಯ್ಸಿದ್ದಾಯ್ತು, ಬುಡ ಮಾತ್ರ ಹಳ್ಳದಲ್ಲೇ ಉಳಿದು ಪ್ರತಿ ವರ್ಷ ನೀರಲ್ಲಿ ಮುಳುಗಿ, ಬೇಸಿಗೆಲಿ ಒಣಗಿ, ಮೇಲಿನ ಮೆತ್ತಗಿನ ಭಾಗ ಎಲ್ಲಾ ಸವೆದು ಒಳಗಿನ ಗಟ್ಟಿ ಮಾತ್ರ ಉಳ್ಕೊಂಡಿತ್ತು. ಐದು ಬೆರಳು ಚಾಚಿದ ಹಾಗೆ ಇತ್ತು ನೋಡೋಕೆ. ಅಂಗಡಿಲಿ ಈ ಸೈಜಿನ ಮಲೇಷಿಯನ್ ಡ್ರಿಫ್ಟ್‌ವುಡ್ (ಟ್ಯಾಂಕಲ್ಲಿ ಇಡೋ ಮರದ ತುಂಡು) ರೇಟ್ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ, ಇಲ್ಲಿ ಫ್ರೀ. ಅಪ್ಪ ಮಾತ್ರ "ಬಚ್ಚಲೊಲೆಗೆ ಹಾಕೋ ಕುಂಟೆನ ಬೆಂಗ್ಳೂರಿಗೆ ಬಸ್ಸಲ್ಲಿ ಹೊತ್ಕೊಂಡು ಹೋಗ್ತಾನಂತೆ" ಅಂತ ಪಕ್ಕದ ಮನೆಯವ್ರಿಗೂ ಕೇಳಿಸೋ ಹಾಗೆ ಹೇಳಿದ್ರು.

ಊರಲ್ಲೇ ಬಚ್ಚಲು ಹಂಡೆಲಿ ಮೂರು ಸಲ ಕುದಿಸ್ದೆ, ಪ್ರತಿ ಸಲ ಒಂದು ಗಂಟೆ ಮೇಲೆ. ಕುದಿಸೋದ್ರಿಂದ ಎರಡು ಉಪಕಾರ, ಒಳಗಿರೋ ಹುಳ, ಮೊಟ್ಟೆ, ಬೂಷ್ಟು ಎಲ್ಲಾ ಸಾಯುತ್ತೆ, ಬಣ್ಣ ಬೇಗ ಬಿಡುತ್ತೆ. ಅದಕ್ಕೂ ಮುಂಚೆ ಸಿಪ್ಪೆ ಒಂದು ಚೂರೂ ಇಲ್ದಂಗೆ ತಂತಿ ಬ್ರಷ್ಷಲ್ಲಿ ಉಜ್ಜಿದ್ದೆ, ಯಾಕಂದ್ರೆ ನೇರಳೆಲಿ ಟ್ಯಾನಿನ್ ಜಾಸ್ತಿ ಇರೋದೇ ತೊಗಟೆಲಿ, ಅಲ್ದೆ ಟ್ಯಾಂಕಲ್ಲಿ ಮೊದ್ಲು ಕೊಳೆಯೋದೂ ಅದೇ. ಉಗುರು ಒತ್ತಿ ನೋಡ್ದೆ, ಎರಡು ಕಡೆ ಉಗುರು ಒಳಗೆ ಹೋಯ್ತು, ಆ ಜಾಗ ಕತ್ತಿಲಿ ಕೆತ್ತಿ ತೆಗೆದೆ. ಮೂರನೇ ಸಲ ಕುದಿಸಿದ ನೀರೂ ಸ್ಟ್ರಾಂಗ್ ಕಾಫಿ ಡಿಕಾಕ್ಷನ್ ತರಾನೇ ಇತ್ತು. ಅಲ್ಲೇ ನಂಗೆ ಅರ್ಥ ಆಗ್ಬೇಕಿತ್ತು, ಆಗ್ಲಿಲ್ಲ.

ಬೆಂಗ್ಳೂರಿಗೆ ಬಂದು ಟೆರೇಸ್ ಮೇಲೆ ನೀಲಿ ಡ್ರಮ್ಮಲ್ಲಿ ನೆನೆ ಹಾಕ್ದೆ. ಎಷ್ಟು ದಿನ? 12 ದಿನ. ತಿಂಗಳುಗಟ್ಲೆ ನೆನೆಸ್ಬೇಕು ಅಂತ ಗೊತ್ತಿತ್ತು ಆದ್ರೆ ಕೈ ತುರಿಸ್ತಿತ್ತು, ದಿನಾ ಬೆಳಿಗ್ಗೆ ಹೋಗಿ ಅದನ್ನ ತಿರುಗಿಸಿ ಮುರುಗಿಸಿ ನೋಡೋದು, ಟ್ಯಾಂಕಲ್ಲಿ ಇಟ್ರೆ ಹೆಂಗೆ ಕಾಣ್ಬೋದು ಅಂತ. ಕೊನೆಗೆ ಒಂದು ಭಾನುವಾರ ತಡೆಯೋಕಾಗದೆ ತಂದು ಇಟ್ಟೇಬಿಟ್ಟೆ. ತೇಲ್ತು. ನೇರಳೆ ಮರ ನೀರಲ್ಲಿ ಹಾಳಾಗಲ್ಲ ಅಂತ ಹಿಂದಿನವರು ಬಾವಿ ತಳಕ್ಕೆ ಹಾಕ್ತಿದ್ರು ಅಂತ ಅಜ್ಜ ಹೇಳೋರು, ಆದ್ರೆ ಮುಳುಗಬೇಕಾದ್ರೆ ಮರ ಒಳಗಿನವರೆಗೆ ನೀರು ಕುಡಿದಿರ್ಬೇಕು, 12 ದಿನದಲ್ಲಿ ಅದೆಲ್ಲಿ ಆಗುತ್ತೆ.

ಮುಳುಗಿಸೋಕೆ ಬೇರಿನ ತಳಕ್ಕೆ ಕಲ್ಲು ಕಟ್ಟೋಣ ಅಂತ ಮನೆ ಹಿಂದೆ ಬಿದ್ದಿದ್ದ ಕಡಪ ಕಲ್ಲಿನ ತುಂಡು ತಗೊಂಡೆ. ಇಲ್ಲೊಂದು ವಿಷ್ಯ, ಪುಣ್ಯಕ್ಕೆ ಹಾಕೋ ಮುಂಚೆನೇ ಹೊಳೀತು: ಕಡಪ ಅಂದ್ರೆ ಸುಣ್ಣದ ಕಲ್ಲು. ಮುರಿದ ಅಂಚಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟೆ, ಸಣ್ಣಗೆ ಗುಳ್ಳೆ ಬಂತು. ಅದನ್ನ ಟ್ಯಾಂಕಲ್ಲಿ ಇಟ್ರೆ ನಿಧಾನಕ್ಕೆ ಕರಗಿ ನೀರಿನ ಗಡಸು ಏರಿಸ್ತಾ ಹೋಗುತ್ತೆ, ಟೆಟ್ರಾಗೆ ಬೇಕಾಗಿರೋದು ಅದರ ಉಲ್ಟಾ. ಅದನ್ನ ಬಿಟ್ಟು ಅಡುಗೆಮನೆ ಕಟ್ಟೆ ಮಾಡಿಸಿದಾಗ ಉಳಿದಿದ್ದ ಗ್ರಾನೈಟ್ ತುಂಡಿಗೆ ತೂತು ಹೊಡೆಸಿ ಸ್ಟೀಲ್ ಸ್ಕ್ರೂ ಹಾಕ್ಸಿ ಮುಳುಗಿಸ್ದೆ.

ಮೊದಲ ದಿನ ಏನೂ ಇಲ್ಲ. ಮೂರನೇ ದಿನ ತಿಳಿ ಚಾ. ಐದನೇ ದಿನ ಅಮ್ಮನ ಚೊಗರು. ಅದರ ಜೊತೆಗೆ ಬೇರಿನ ಮೇಲೆಲ್ಲಾ ಬಿಳಿ ಲೋಳೆ ಬೆಳೆಯೋಕೆ ಶುರುವಾಯ್ತು, ಹತ್ತಿ ಹಿಂಜಿ ಅಂಟಿಸಿದ ಹಾಗೆ, ಫಿಲ್ಟರ್ ನೀರು ಬಡಿಯೋ ಕಡೆ ಅದು ಅಲ್ಲಾಡೋದು ನೋಡಿದ್ರೆ ವಾಕರಿಕೆ ಬರೋ ಹಾಗಿತ್ತು. ನನ್ನ ಹೆಂಡ್ತಿ, "ರೀ, ಬಂದೋರೆಲ್ಲಾ ಮೊದ್ಲು ನೋಡೋದು ಅದನ್ನೇ, ಒಂದು ಬಟ್ಟೆನಾದ್ರೂ ಮುಚ್ಚಿ" ಅಂದ್ಲು.

ಈಗ ನಂಗೆ ಗೊತ್ತಿರೋ ಪ್ರಕಾರ ಆ ಎರಡರಿಂದ್ಲೂ ಮೀನಿಗೆ ನೇರವಾಗಿ ಏನೂ ತೊಂದ್ರೆ ಇರ್ಲಿಲ್ಲ. ಲೋಳೆ ಅಂದ್ರೆ ಹೊಸ ಮರದಿಂದ ಹೊರಗೆ ಬರೋ ಸಕ್ಕರೆ ಅಂಶ ತಿಂದು ಬೆಳೆಯೋ ಬ್ಯಾಕ್ಟೀರಿಯಾ ಮತ್ತೆ ಬೂಷ್ಟು, ತಿನ್ನೋಕೆ ಇನ್ನೇನೂ ಉಳಿದಿಲ್ಲ ಅಂದಾಗ ತಾನಾಗೇ ಹೋಗುತ್ತೆ, ಬಸವನಹುಳು, ಪ್ಲೆಕೊ, ಸಿಗಡಿ ಇದ್ರೆ ಅವೇ ಮೇದು ಮುಗಿಸ್ತವೆ. ಬಣ್ಣ ಅಂತೂ ಕಾರ್ಡಿನಲ್‌ಗೆ ತವರುಮನೆ ಬಣ್ಣ. ಅವು ದಕ್ಷಿಣ ಅಮೆರಿಕದ ರಿಯೊ ನೀಗ್ರೊ ನದಿ ಕಡೆಯವು, ಹೆಸರಿನ ಅರ್ಥವೇ ಕಪ್ಪು ನದಿ, ಕಾಡಿನ ಎಲೆ ಮರ ನೆನೆದು ನೀರು ಕಟು ಚಹಾದ ಹಾಗೆ ಇರುತ್ತೆ. ಮನೌಸ್ ಊರಿನ ಹತ್ರ ಅದು ಮಣ್ಣಿನ ಬಣ್ಣದ ಸೋಲಿಮೋಯಿಸ್ ನದಿ ಸೇರಿ ಕೆಲವು ಕಿಲೋಮೀಟರ್ ಎರಡೂ ಬಣ್ಣ ಬೆರೀದೆ ಪಕ್ಕಪಕ್ಕದಲ್ಲೇ ಹರಿಯುತ್ತೆ. ಅಷ್ಟು ದೂರ ಯಾಕೆ, ಏಪ್ರಿಲ್ಲಲ್ಲಿ ನಮ್ಮ ಹಳ್ಳ ಹರಿಯೋದು ನಿಂತ ಮೇಲೆ ಉಳಿಯೋ ಗುಂಡಿಗಳಲ್ಲಿ ಎಲೆ ಕೊಳೆತು ಇದೇ ಬಣ್ಣದ ನೀರಿರುತ್ತೆ, ಅದರಲ್ಲೇ ಮೀನು ಮಳೆ ಬರೋವರೆಗೆ ಬದುಕಿರ್ತವೆ. ಚಿಕ್ಕವನಿದ್ದಾಗ ಟವೆಲ್ಲಲ್ಲಿ ಹಿಡೀತಿದ್ದಿದ್ದು ಆ ಗುಂಡಿಲೇ. ಇದೆಲ್ಲಾ ಗೊತ್ತಿದ್ದೂ ನಾನು ಹೆದರ್ದೆ ನೋಡಿ.

ಹೆದರೋಕೆ ಕಾರಣ ಏನಂದ್ರೆ ಆರನೇ ದಿನ ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದ್ರೆ ಟೆಟ್ರಾ ಎಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ನೀರು ಬಣ್ಣದ ಜೊತೆ ಸ್ವಲ್ಪ ಮಬ್ಬಾಗೂ ಇತ್ತು, ಮಜ್ಜಿಗೆ ಒಂದು ಚಮಚ ಕದಡಿದ ಹಾಗೆ. ಈ ಬ್ಯಾಕ್ಟೀರಿಯಾ ಲೋಳೆಲಿ ಮಾತ್ರ ಅಲ್ಲ ನೀರಲ್ಲೂ ಒಮ್ಮೆಗೇ ಹೆಚ್ಚಾದಾಗ ಹಾಗಾಗುತ್ತೆ, ಮತ್ತೆ ಅವು ಆಕ್ಸಿಜನ್ ಎಳ್ಕೋತವೆ. ರಾತ್ರಿ ಗಿಡಗಳೂ ಆಕ್ಸಿಜನ್ ಕೊಡಲ್ಲ, ಅವೂ ಉಸಿರಾಡ್ತವೆ, ಹಾಗಾಗಿ ಬೆಳಗಿನ ಜಾವ ಅಂದ್ರೆ ಅತಿ ಕಮ್ಮಿ. ಒಂದು ಏರ್ ಪಂಪ್ ಹಾಕಿದ್ರೆ ಅರ್ಧ ಗಂಟೇಲಿ ಸರಿ ಹೋಗೋ ವಿಷ್ಯ. ಪಂಪ್ ಅಟ್ಟದ ಮೇಲೆ ಇತ್ತು. ನಾನು ಅದನ್ನ ತೆಗೀಲಿಲ್ಲ. ಬಣ್ಣದಿಂದಾನೇ ಹಿಂಗಾಗ್ತಿದೆ, ಬಣ್ಣ ತೆಗೀಬೇಕು ಅಂತ ತಲೇಲಿ ಕೂತುಬಿಟ್ಟಿತ್ತು.

ಅವತ್ತು ಆಫೀಸಿಗೆ ಅರ್ಧ ದಿನ ರಜಾ ಹಾಕಿ ಏನ್ ಮಾಡ್ದೆ ಅಂದ್ರೆ ಮುಕ್ಕಾಲು ಟ್ಯಾಂಕ್ ನೀರು ತೆಗ್ದೆ, ಅವಾಗ ತಾನೇ ಕಾವೇರಿ ಬಿಟ್ಟಿದ್ರು, ನಲ್ಲಿಗೆ ಪೈಪ್ ಸಿಕ್ಕಿಸಿ ನೇರವಾಗಿ ತುಂಬಿಸ್ದೆ, ಆಂಟಿ ಕ್ಲೋರಿನ್ ಬಾಟ್ಲಿಲಿ ತಳದಲ್ಲಿ ಎಷ್ಟಿತ್ತೋ ಅಷ್ಟು ಹಾಕ್ದೆ, ಫಿಲ್ಟರ್ ಬಿಚ್ಚಿ ಸ್ಪಾಂಜ್ ಕಂದು ಬಣ್ಣಕ್ಕೆ ತಿರುಗಿದೆ ಅಂತ ಅದನ್ನೂ ಅದೇ ನಲ್ಲಿ ಕೆಳಗೆ ಹಿಂಡಿ ಹಿಂಡಿ ಬೆಳ್ಳಗಾಗೋವರೆಗೆ ತೊಳ್ದೆ, ಸೆರಾಮಿಕ್ ರಿಂಗ್‌ಗಳನ್ನೂ ಬಿಡ್ಲಿಲ್ಲ. ಮಧ್ಯಾಹ್ನಕ್ಕೆ ಟ್ಯಾಂಕ್ ಕನ್ನಡಿ. ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕ್ದೆ.

ಮೂರನೇ ದಿನಕ್ಕೆ ಒಂದು ಟೆಟ್ರಾ ಹೋಯ್ತು. ಮಾರನೇ ದಿನ ಇನ್ನೆರಡು. ಬಣ್ಣ ಮಾತ್ರ ಮತ್ತೆ ವಾಪಸ್ ಬಂದಿತ್ತು, ಬೇರು ಅಲ್ಲೇ ಇದ್ಯಲ್ಲ.

ಗೊತ್ತಿಲ್ದೇ ಇರೋರಿಗೆ, ಮೀನಿನ ಹೇಲು ಉಚ್ಚೆ, ಉಳಿದ ಆಹಾರ ಎಲ್ಲಾ ಅಮೋನಿಯಾ ಆಗುತ್ತೆ. ಅದನ್ನ ಒಂದು ಜಾತಿ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತೆ, ಇನ್ನೊಂದು ನೈಟ್ರೇಟ್ ಮಾಡುತ್ತೆ. ಮೊದಲೆರಡೂ ವಿಷ, ನೈಟ್ರೇಟ್ ಅಷ್ಟೊಂದಲ್ಲ, ವಾರ ವಾರ ನೀರು ಬದಲಾಯಿಸಿದ್ರೆ ಹೋಗುತ್ತೆ. ಆ ಬ್ಯಾಕ್ಟೀರಿಯಾಗಳ ಮನೆ ಬಹುಪಾಲು ಫಿಲ್ಟರಿನ ಸ್ಪಾಂಜು, ರಿಂಗು. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರೋದೇ ಬ್ಯಾಕ್ಟೀರಿಯಾ ಕೊಲ್ಲೋಕೆ. ನಾನು ಎರಡು ವರ್ಷ ಸಾಕಿದ ಸಂಸಾರನ ಹತ್ತು ನಿಮಿಷದಲ್ಲಿ ಸಿಂಕಲ್ಲಿ ಹಿಂಡಿ ಹಾಕಿದ್ದೆ. ಟೆಸ್ಟ್ ಮಾಡಿದ್ರೆ ಅಮೋನಿಯಾ 1 ಪಿಪಿಎಂ, ಅಂದ್ರೆ ಲೀಟರಿಗೆ 1 ಮಿಲಿಗ್ರಾಂ. ಎರಡು ವರ್ಷದಿಂದ ಸೊನ್ನೆ ಇದ್ದಿದ್ದು.

ಹತ್ತಿರದ ಅಂಗಡಿಗೆ ಓಡ್ದೆ. ಅವ್ರು ಟಿಡಿಎಸ್ ಪೆನ್ ಅದ್ದಿ "ಸಾರ್, 310 ಇದೆ, ನೀರು ಸೂಪರ್" ಅಂದ್ರು. ಟಿಡಿಎಸ್ ಮೀಟರ್ ನೋಡೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಅಷ್ಟೇ, ಅದರಿಂದ ಒಟ್ಟು ಲವಣ ಅಂದಾಜಾಗುತ್ತೆ, 310ರಲ್ಲಿ ಅಮೋನಿಯಾ ಒಂದು ಇದ್ರೂ ಇಲ್ದೇ ಇದ್ರೂ ಅದಕ್ಕೆ ಗೊತ್ತಾಗಲ್ಲ. ಆಮೇಲೆ ಅವ್ರೇ "ಮರ ಹಾಕಿದ್ದೀರಲ್ಲ, ಪಿಎಚ್ ಬಿದ್ದಿರುತ್ತೆ, ಇದು ಹಾಕಿ ಏರಿಸಿ" ಅಂತ ಒಂದು ಪೊಟ್ಟಣ ಪುಡಿ ಕೊಟ್ರು (ಪಿಎಚ್ ಅಂದ್ರೆ ನೀರಿನ ಆಮ್ಲ ಕ್ಷಾರದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ), ಜೊತೆಗೆ ನೀಲಿ ಔಷಧಿ ಬಾಟ್ಲಿನೂ. ತಂದೆ. ಹಾಕೋಕೆ ಚಮಚನೂ ತಗೊಂಡಿದ್ದೆ.

ಅಷ್ಟರಲ್ಲಿ ನಮ್ಮ ಭಾವ ಫೋನ್ ಮಾಡಿದ್ರು, ಬೇರೆ ಏನೋ ವಿಷ್ಯಕ್ಕೆ. ಅವ್ರು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡೋದು, ಮೀನು ಸಾಕಿಲ್ಲ, ತಿಂದಿದ್ದೂ ಇಲ್ಲ. ಹೇಳಿದ್ದಕ್ಕೆ "ಏಯ್, ಅಮೋನಿಯಾ ಇರೋ ನೀರಿಗೆ ಪಿಎಚ್ ಏರಿಸ್ತೀಯಾ? ಬೇಡ ಮಾರಾಯ, ಉಳಿದವೂ ಹೋಗ್ತವೆ" ಅಂದ್ರು. ನೀರಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತಂತೆ, ಒಂದು ಅಮೋನಿಯಂ, ಅದು ಅಷ್ಟು ಅಪಾಯ ಇಲ್ಲ, ಇನ್ನೊಂದು ಬರೀ ಅಮೋನಿಯಾ, ಅದು ಕಿವಿರಿನ ಮೂಲಕ ನೇರ ಒಳಗೆ ಹೋಗಿ ಕೊಲ್ಲೋದು. ಪಿಎಚ್ 7 ಇದ್ದಾಗ ನೂರಕ್ಕೆ ಅರ್ಧ (0.5) ಭಾಗ ಮಾತ್ರ ಆ ಕೊಲ್ಲೋ ರೂಪದಲ್ಲಿ ಇರುತ್ತೆ, ಪಿಎಚ್ 8 ಆದ್ರೆ ನೂರಕ್ಕೆ 5. ಹತ್ತು ಪಟ್ಟು! ನೀರಿನ ಉಷ್ಣತೆ 25 ಡಿಗ್ರಿ ಆಸುಪಾಸಿಗೆ ಈ ಲೆಕ್ಕ. ಅಂದ್ರೆ ನಾನು ಹಾಕೋಕೆ ಹೊರಟಿದ್ದ ಪುಡಿ ಅಮೋನಿಯಾ ಒಂದು ಚೂರೂ ಹೆಚ್ಚು ಮಾಡ್ದೆ ವಿಷನ ಮಾತ್ರ ಎಷ್ಟೋ ಪಟ್ಟು ಮಾಡ್ತಿತ್ತು. ಪೊಟ್ಟಣ ಈಗ್ಲೂ ಡ್ರಾಯರಲ್ಲಿದೆ. ನೀಲಿ ಔಷಧಿನೂ ಹಾಕ್ಲಿಲ್ಲ, ಮೆಥಿಲೀನ್ ಬ್ಲೂ ಅದು, ಬೂಷ್ಟು ರೋಗಕ್ಕೆ ಬೇರೆ ಬಕೆಟ್ಟಲ್ಲಿ ಮೀನು ಇಟ್ಟು ಕೊಡೋಕೆ ಸರಿ, ಮೇನ್ ಟ್ಯಾಂಕಿಗೆ ಹಾಕಿದ್ರೆ ಉಳಿದಿರೋ ಬ್ಯಾಕ್ಟೀರಿಯಾನೂ ಹೋಗುತ್ತೆ.

ಪಿಎಚ್ ಬಿದ್ದಿತ್ತಾ ಅಂತ ಆಮೇಲೆ ನೋಡ್ದೆ. ಬೇರು ಹಾಕೋ ಮುಂಚೆ 7.6, ಅವತ್ತು 7.2. ಇಷ್ಟೇ. ಟ್ಯಾನಿನ್ ಒಂದು ದುರ್ಬಲ ಆಮ್ಲ, ಪಿಎಚ್ ಇಳಿಸೋಕೆ ನೋಡುತ್ತೆ, ಆದ್ರೆ ನೀರಲ್ಲಿ ಕಾರ್ಬೊನೇಟ್ ಗಡಸು ಅಂದ್ರೆ ಕೆಎಚ್ ಇರೋವರೆಗೆ ಅದು ಇಳಿಯೋಕೆ ಬಿಡಲ್ಲ. ಕೆಎಚ್ ಟೆಸ್ಟ್ ಸುಲಭ, 5 ಎಂಎಲ್ ನೀರಿಗೆ ಟೆಸ್ಟ್ ದ್ರಾವಣ ಹನಿ ಹನಿ ಬಿಡ್ತಾ ಹೋಗೋದು, ನೀಲಿ ಹೋಗಿ ಹಳದಿ ಆಗೋವರೆಗೆ ಎಷ್ಟು ಹನಿ ಆಯ್ತೋ ಅಷ್ಟು ಡಿಗ್ರಿ, ಒಂದು ಡಿಗ್ರಿ ಅಂದ್ರೆ 17.9 ಪಿಪಿಎಂ. ನಮ್ಮನೆ ಬೋರ್ ನೀರಿಗೆ 13 ಹನಿ ಬೇಕಾಯ್ತು, ಕಾವೇರಿಗೆ 6. ಸಂಪಲ್ಲಿ ಎರಡೂ ಬೆರೆಯೋದ್ರಿಂದ ಯಾವ ವಾರ ಎಷ್ಟು ಅಂತ ಹೇಳೋಕಾಗಲ್ಲ ಅನ್ನೋದೊಂದು ತಲೆನೋವು. ಬೋರ್ ನೀರಿನ ಟ್ಯಾಂಕಿಗೆ ಇಂಥ ನಾಲ್ಕು ಬೇರು ಹಾಕಿದ್ರೂ ಬಣ್ಣ ಬರುತ್ತೆ ಹೊರತು ಪಿಎಚ್ ಜಗ್ಗಲ್ಲ. ಹುಷಾರಾಗಿರ್ಬೇಕಾದೋರು ಬರೀ ಆರ್‌ಓ ನೀರು ಹಾಕೋರು, ಅದರಲ್ಲಿ ಕೆಎಚ್ ಇಲ್ಲದ ಹಾಗೇ, ಅಲ್ಲಿ ಮರ ಹಾಕಿ ನೀರು ಬದಲಾಯಿಸೋದು ಮರೆತ್ರೆ ಪಿಎಚ್ ಧಡಾರ್ ಅಂತ ಬೀಳುತ್ತೆ, 6ರ ಕೆಳಗೆ ಹೋದ್ರೆ ಫಿಲ್ಟರ್ ಬ್ಯಾಕ್ಟೀರಿಯಾನೂ ಕೆಲಸ ನಿಧಾನ ಮಾಡ್ತವೆ. ಅಂಥೋರು ಮೂರಕ್ಕೊಂದು ಪಾಲಾದ್ರೂ ನಲ್ಲಿ ನೀರು ಬೆರೆಸೋದು ಒಳ್ಳೇದು ಅಂತ ನನ್ನ ಲೆಕ್ಕ.

ಆಮೇಲಿನ ಎರಡೂವರೆ ವಾರ ಬೇಜಾರಿನ ಕೆಲಸ. ಅಟ್ಟದಿಂದ ಏರ್ ಪಂಪ್ ಇಳಿಸ್ದೆ (ಕೊನೆಗೂ). ಹಿಂದಿನ ರಾತ್ರಿನೇ ಎರಡು ಡ್ರಮ್ಮಲ್ಲಿ ನೀರು ಹಿಡಿದು ಆಂಟಿ ಕ್ಲೋರಿನ್ ಹಾಕಿ, ಒಂದು ಏರ್ ಸ್ಟೋನ್ ಬಿಟ್ಟು ಇಡೋದು, ಬೆಳಿಗ್ಗೆ ಕಾಲು ಭಾಗ ಬದಲಾಯಿಸೋದು, ದಿನಾ. ಊಟ ಎರಡು ದಿನಕ್ಕೊಂದು ಸಲ, ಅದೂ ಚಿಟಿಕೆ. ಮೀನು ಹಸಿದು ಸಾಯಲ್ಲ ಬಿಡಿ, ಜಾಸ್ತಿ ತಿಂದೇ ಸಾಯೋದು. ಫಿಲ್ಟರ್ ತೊಳೀಲಿಲ್ಲ. ಬೀದಿಯಲ್ಲಿ ಇನ್ನೊಬ್ರು ಟ್ಯಾಂಕ್ ಇಟ್ಟಿದ್ದಾರೆ, ಅವ್ರ ಫಿಲ್ಟರಿಂದ ಒಂದು ಗಲೀಜು ಸ್ಪಾಂಜ್ ತುಂಡು ಬೇಡಿ ತಂದು ನನ್ನ ಫಿಲ್ಟರಲ್ಲಿ ತುರುಕ್ದೆ, ಕವರಲ್ಲಿ ಅವ್ರ ಟ್ಯಾಂಕ್ ನೀರಲ್ಲೇ ಮುಳುಗಿಸ್ಕೊಂಡು ಬಂದೆ ಒಣಗಬಾರ್ದು ಅಂತ. ಹೆಪ್ಪು ಕೇಳ್ಕೊಂಡು ಬಂದ ಹಾಗೇ ಅದು. ಅಮೋನಿಯಾ ಎಂಟನೇ ದಿನ ಸೊನ್ನೆಗೆ ಬಂತು, ನೈಟ್ರೈಟ್ 16ನೇ ದಿನ.

ಇದರ ಮಧ್ಯೆ ಒಂದು ಸಣ್ಣ ಪರದಾಟ. ಟೆಸ್ಟ್ ಟ್ಯೂಬಲ್ಲಿ ಬಣ್ಣ ನೋಡಿ ಚಾರ್ಟಿಗೆ ಹೋಲಿಸ್ಬೇಕು, ಆದ್ರೆ ನೀರೇ ಚಹಾ ಬಣ್ಣ ಇದ್ದಾಗ ಹಳದಿ ಯಾವುದು, ಹಸಿರು ಹಳದಿ ಯಾವುದು? ಎರಡು ದಿನ ನಾನು ಅಮೋನಿಯಾ 0.25 ಅಂದ್ಕೊಂಡಿದ್ದು ಬರೀ ಟ್ಯಾನಿನ್ ಇರ್ಬೋದು. ಆಮೇಲೆ ಇನ್ನೊಂದು ಟ್ಯೂಬಲ್ಲಿ ಟೆಸ್ಟ್ ದ್ರಾವಣ ಹಾಕದ ಅದೇ ನೀರು ತುಂಬಿ ಪಕ್ಕದಲ್ಲಿ ಹಿಡಿದು ವ್ಯತ್ಯಾಸ ನೋಡೋಕೆ ಶುರು ಮಾಡ್ದೆ, ಬಿಸಿಲಿಗೆ, ಟ್ಯೂಬ್‌ಲೈಟ್ ಕೆಳಗಲ್ಲ.

ಲೋಳೆನ ಹಳೇ ಟೂತ್‌ಬ್ರಷ್ಷಲ್ಲಿ ಒಂದೇ ಸಲ ಉಜ್ಜಿ, ಸೈಫನ್ ಪೈಪಲ್ಲಿ ಎಳ್ದೆ. ಮತ್ತೆ ಬಂತು, ಬಿಟ್ಟೆ. ಬಸವನಹುಳುಗಳು ಸಾಲು ಹಿಡಿದು ಮೇಯ್ತಿದ್ವು, ಬೆಳಿಗ್ಗೆ ನೋಡಿದ್ರೆ ಹುಲ್ಲು ಕೊಯ್ದ ಗದ್ದೆ ತರ ಪಟ್ಟೆ ಪಟ್ಟೆ. ನಾಲ್ಕನೇ ವಾರಕ್ಕೆ ಪೂರ್ತಿ ಮಾಯ. ಲೋಳೆ ಬೇರೆ, ಕೊಳೆತ ಮರ ಬೇರೆ ಅನ್ನೋದು ಮಾತ್ರ ನೆನಪಿರ್ಲಿ, ಮರ ಎತ್ತಿ ಮೂಸಿದಾಗ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಅಥ್ವಾ ಒತ್ತಿದಾಗ ಸ್ಪಾಂಜ್ ಹಾಗೆ ಒಳಗೆ ಹೋದ್ರೆ ಯೋಚ್ನೆ ಮಾಡ್ದೆ ಹೊರಗೆ ಹಾಕಿ.

ಬಣ್ಣಕ್ಕೆ ಏನು ಮಾಡ್ದೆ ಅಂತ ಕೇಳ್ತೀರ. ನೀರೆಲ್ಲಾ ಸರಿ ಆದ ಮೇಲೆ ಆಕ್ಟಿವೇಟೆಡ್ ಕಾರ್ಬನ್ (ಬಣ್ಣ ಹೀರೋ ಇದ್ದಿಲು) 100 ಗ್ರಾಂ ಜಾಲರಿ ಚೀಲದಲ್ಲಿ ಫಿಲ್ಟರಿಗೆ ಹಾಕಿದ್ದೆ, ಮೂರು ದಿನದಲ್ಲಿ ಕಣ್ಣಿಗೆ ಕಾಣೋ ಹಾಗೆ ತಿಳಿ ಆಯ್ತು, ಮೂರು ವಾರಕ್ಕೆ ಅದರ ಹೊಟ್ಟೆ ತುಂಬಿ ಮತ್ತೆ ಬಣ್ಣ ಏರ್ತು. ಪ್ಯೂರಿಜೆನ್ ಅಂತ ಬಿಳಿ ಹರಳು ಬರುತ್ತೆ, ಅದು ಬಣ್ಣ ಎಳ್ಕೊಂಡು ಕಪ್ಪಾದ ಮೇಲೆ ಬ್ಲೀಚಲ್ಲಿ ತೊಳೆದು ಮತ್ತೆ ಬಳಸ್ಬೋದು, ಆದ್ರೆ ಬೆಲೆ ಜಾಸ್ತಿ, ಬ್ಲೀಚ್ ಪೂರ್ತಿ ತೆಗೀದೆ ವಾಪಸ್ ಹಾಕಿದ್ರೆ ಮತ್ತೆ ನನ್ನ ಸಿಂಕ್ ಕಥೆನೇ. ನಾನು ತಗೊಂಡಿಲ್ಲ. ಬರೀ ನೀರು ಬದಲಾಯಿಸೋದ್ರಿಂದ್ಲೂ ಇಳಿಯುತ್ತೆ, ಕಾಲು ಭಾಗದ ಹಾಗೆ ನಾಲ್ಕು ಸಲ ಬದಲಾಯಿಸಿದ್ರೆ ಹಳೇ ಬಣ್ಣದಲ್ಲಿ ಮೂರನೇ ಒಂದು ಪಾಲು ಉಳಿಯುತ್ತೆ, ಬೇರು ಹೊಸದಾಗಿ ಬಿಡೋದು ಬೇರೆ ಲೆಕ್ಕ. ಈಗ ನಾಲ್ಕು ತಿಂಗಳಾಯ್ತು, ಕಾರ್ಬನ್ ತೆಗೆದುಬಿಟ್ಟಿದೀನಿ. ಜೇನಿನ ಬಣ್ಣಕ್ಕೆ ಬಂದು ನಿಂತಿದೆ. ಆ ಬಣ್ಣದಲ್ಲಿ ಕಾರ್ಡಿನಲ್‌ಗಳ ಕೆಂಪು ಎಷ್ಟು ಎದ್ದು ಕಾಣುತ್ತೆ ಅಂದ್ರೆ, ಮೊದ್ಲು ಬಿಳೀ ನೀರಲ್ಲಿ ಇವನ್ನ ನಾನು ಸರಿಯಾಗಿ ನೋಡೇ ಇರ್ಲಿಲ್ಲ ಅನ್ಸುತ್ತೆ. ಒಂಬತ್ತು ಉಳಿದಿವೆ. ಪ್ಲೆಕೊ ಹಗಲೆಲ್ಲಾ ಬೇರಿನ ಎರಡನೇ ಬೆರಳ ಕೆಳಗೆ ಅಂಟ್ಕೊಂಡಿರುತ್ತೆ.

ಬದಲಾಯಿಸಿದ ಕಂದು ನೀರು ಹೆಂಡ್ತಿ ಕರಿಬೇವಿನ ಕುಂಡಕ್ಕೆ ಹಾಕ್ತಾಳೆ, ಈಗ ಶನಿವಾರ ನಾನು ಮರೆತ್ರೂ ಅವಳು ಮರೆಯಲ್ಲ, "ರೀ, ಚೊಗರು ಯಾವಾಗ ತೆಗೀತೀರ?" ಅಂತ ಕೇಳ್ತಾಳೆ. ಅಮ್ಮನ ಮಾತು ಮನೇಲಿ ನಿಂತುಬಿಡ್ತು.

ಅಪ್ಪ ಹೋದ ತಿಂಗಳು ಬಂದಾಗ ಕುರ್ಚಿ ಎಳ್ಕೊಂಡು ಅದರ ಮುಂದೆ ಅರ್ಧ ಗಂಟೆ ಕೂತಿದ್ರು. ಏನೂ ಹೇಳ್ಲಿಲ್ಲ. ಬ್ಯಾಗಿಂದ ಪೇಪರ್ ಸುತ್ತಿದ ಇನ್ನೊಂದು ಬೇರು ತೆಗೆದು ಕೊಟ್ರು, ಮೊದಲಿನದ್ದಕ್ಕಿಂತ ಚಿಕ್ಕದು, ಅದೇ ಮರದ್ದು. ಈಗ ಟೆರೇಸ್ ಡ್ರಮ್ಮಲ್ಲಿ ಐದನೇ ವಾರ ನೆನೀತಾ ಇದೆ, ನಿನ್ನೆ ನೀರು ಬದಲಾಯಿಸ್ದೆ, ಇನ್ನೂ ಡಿಕಾಕ್ಷನ್ನೇ. ಇನ್ನೂ ತೇಲ್ತಾನೂ ಇದೆ.